ಬೆಳಗಿನ ಪ್ರಾರ್ಥನೆಯ ಆರು ನಿಮಿಷ: ಹಾವು ಕಡಿತದ ಬಗ್ಗೆ ಮೂರು ಭಾಷಣಗಳ ಪ್ರಕರಣ

ಇದು ನಾನು ಕೆಲಸ ಮಾಡುವ ಸರ್ಕಾರಿ ಹೈಸ್ಕೂಲಿನಲ್ಲಿ ನಡೆದದ್ದು. ಊರು, ತಾಲ್ಲೂಕು, ಶಾಲೆಯ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಮಕ್ಕಳ ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ನಾವು ಏನು ಹೇಳಿದೆವು, ಮಕ್ಕಳ ಕಿವಿಗೆ ಏನು ಬಿತ್ತು ಅನ್ನೋದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಪ್ರಾರ್ಥನೆ ಹೊತ್ತಲ್ಲಿ ಮಕ್ಕಳ ಮುಂದೆ ನಿಂತು ಮಾತಾಡುವವರು ತುಂಬಾ ಜನ ಇದ್ದಾರೆ. ಮೇಷ್ಟ್ರು, ನರ್ಸ್, ಪೊಲೀಸರು, ಬ್ಯಾಂಕಿನವರು, ಹಳೆ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬರಲಿ ಅನ್ನೋದು ನನ್ನ ಆಸೆ.

ನಮ್ಮ ಶಾಲೆ, ನಮ್ಮ ಪ್ರಾರ್ಥನೆ

ಮಧ್ಯ ಕರ್ನಾಟಕದ ಒಂದು ಹಳ್ಳಿ. ಸುತ್ತಮುತ್ತ ಮೆಕ್ಕೆಜೋಳ, ನೀರಿರುವ ಕಡೆ ಅಡಿಕೆ ತೋಟ, ಹಳ್ಳದ ಪಕ್ಕ ಒಂದಿಷ್ಟು ಭತ್ತ. 8ರಿಂದ 10ನೇ ತರಗತಿವರೆಗೆ ಸುಮಾರು 150 ಮಕ್ಕಳು. ನಾನು ವಿಜ್ಞಾನದ ಮೇಷ್ಟ್ರು. ಪಿಟಿ ಮೇಷ್ಟ್ರ ಹುದ್ದೆ ಖಾಲಿ ಇದ್ದದ್ದರಿಂದ ಆ ವರ್ಷ ಪ್ರಾರ್ಥನೆಯ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿತ್ತು.

ಪ್ರಾರ್ಥನೆ ಹೇಗೆ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೂ ಒಮ್ಮೆ ಎಣಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ತೊಂದರೆ ಶುರುವಾಗಿದ್ದೇ ಅಲ್ಲಿಂದ. ಬೆಲ್, ಸಾಲು, ವಿಶ್ರಾಮ್, ಸಾವಧಾನ್. ಆಮೇಲೆ ಎರಡೂವರೆ ನಿಮಿಷ ನಾಡಗೀತೆ. 2023ರಿಂದ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತೇವೆ. ಪೇಪರಿನ ಮುಖ್ಯ ಸುದ್ದಿ, ಒಂದು ಗಾದೆ, ಹುಟ್ಟುಹಬ್ಬ ಇದ್ದವರಿಗೆ ಚಪ್ಪಾಳೆ, ಹೆಡ್‌ಮಾಸ್ಟರ ಸೂಚನೆಗಳು, ಕೊನೆಗೆ 52 ಸೆಕೆಂಡಿನ ರಾಷ್ಟ್ರಗೀತೆ. ಹೊರಗಿನಿಂದ ಯಾರಾದರೂ ಬಂದರೆ ಅವರ ಮಾತು ಸೂಚನೆಗಳು ಮುಗಿದ ಮೇಲೆ. ಅಂದರೆ ಅತಿಥಿ ಬಾಯಿ ತೆರೆಯುವ ಹೊತ್ತಿಗೆ ಮಕ್ಕಳು ನಿಂತು 15 ನಿಮಿಷ ಆಗಿರುತ್ತೆ. ಹಾಲು ಕೊಡೋದು ಪ್ರಾರ್ಥನೆ ಆದಮೇಲೆ. ಬೆಳಗ್ಗೆ ಬೇಗ ಮನೆ ಬಿಟ್ಟು, ಬಸ್ಸಿಗೆ ಕಾದು, ತಿಂಡಿ ತಿನ್ನದೆ ಬಂದ ಮಕ್ಕಳು ಪ್ರತಿ ಸಾಲಿನಲ್ಲೂ ಇರುತ್ತಾರೆ.

2024ರ ಮೇ ಕೊನೆಯಲ್ಲಿ ಪಕ್ಕದ ಹಳ್ಳಿಯ ಒಬ್ಬ ಹೆಂಗಸು ಹಾವು ಕಚ್ಚಿ ತೀರಿಕೊಂಡರು. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದರು. ಗ್ಯಾಸ್ ಇರಬೇಕು ಅಂತ ಮನೆಯವರು ಜೀರಿಗೆ ಕಷಾಯ ಕೊಟ್ಟರು. ಕಣ್ಣಿನ ರೆಪ್ಪೆ ಜೋತು ಬಿದ್ದಾಗ, ಮಾತು ತೊದಲಿದಾಗ ಗಾಬರಿಯಾಗಿ ಗಾಡಿ ಹುಡುಕಿದರು, ಆಗಲೇ ತಡವಾಗಿತ್ತು. ನಮ್ಮ ಶಾಲೆಯ ಇಬ್ಬರು ಮಕ್ಕಳಿಗೆ ಅವರು ಹತ್ತಿರದ ಸಂಬಂಧಿ.

ಜೂನ್‌ನಲ್ಲಿ ಶಾಲೆ ನಡೆಯುತ್ತಿದ್ದಾಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಟಾಫ್ ನರ್ಸ್ ತಾವಾಗೇ ಬಂದು ಕೇಳಿದರು, "ಸರ್, ಒಂದು ಹತ್ತು ನಿಮಿಷ ಕೊಡಿ, ಮಕ್ಕಳಿಗೆ ನಾಲ್ಕು ಮಾತು ಹೇಳ್ತೀನಿ." ಇಡೀ ಊರು ಅವರನ್ನು ಸಿಸ್ಟರ್ ಅಂತಲೇ ಕರೆಯೋದು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಮೊದಲ ಭಾಷಣ: ಕಿವಿಗೆ ಬಿದ್ದದ್ದು ಉಲ್ಟಾ

ಸಿಸ್ಟರ್ ಚೆನ್ನಾಗಿಯೇ ತಯಾರಿ ಮಾಡಿಕೊಂಡಿದ್ದರು. ನಾಲ್ಕು ಹಾಳೆ ಬರೆದು ತಂದಿದ್ದರು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು ಅಂದರು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಅಂದಾಜು, ವರ್ಷಕ್ಕೆ ಸರಾಸರಿ 58,000, ಅದರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ 15 ವರ್ಷದ ಒಳಗಿನ ಮಕ್ಕಳು ಅಂದರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿದ್ದನ್ನೂ, 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸುವ ಕೇಂದ್ರದ ಯೋಜನೆಯನ್ನೂ ಹೇಳಿದರು. ಆಮೇಲೆ ನಾಲ್ಕು ಹಾವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆಮೇಲೆ ಮಾಡಬಾರದ ಕೆಲಸಗಳ ದೊಡ್ಡ ಪಟ್ಟಿ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಸುಡಬೇಡಿ, ಸೊಪ್ಪು ಅರೆದು ಹಚ್ಚಬೇಡಿ.

ಧ್ವಜಕಟ್ಟೆಯ ಮೇಲೆ ನಿಂತು, ಮೈಕ್ ಹಿಡಿದು ಮಾತಾಡಿದರು. ಹಿಂದಿನ ಸಾಲಿಗೆ ಅರ್ಧ ಮಾತು, ಅರ್ಧ ಮೈಕಿನ ಕಿರುಚು. 10 ನಿಮಿಷ 25 ಆಯ್ತು. ಬಿಸಿಲು ಏರಿತ್ತು. 9ನೇ ತರಗತಿಯ ಒಬ್ಬ ಹುಡುಗಿ ಕುಸಿದು ಬಿದ್ದಳು. ನೀರು ಚಿಮುಕಿಸಿ, ಜಗಲಿಯಲ್ಲಿ ಮಲಗಿಸಿ ಕಾಲು ಎತ್ತಿ ಹಿಡಿದಾಗ ಸುಧಾರಿಸಿಕೊಂಡಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಅಲ್ಲಾಡದೆ ಬಹಳ ಹೊತ್ತು ನಿಂತರೆ ರಕ್ತ ಕಾಲಿಗೆ ಇಳಿದು ನಿಲ್ಲುತ್ತೆ, ತಲೆಗೆ ಕಡಿಮೆ ಹೋಗುತ್ತೆ, ಅಷ್ಟೇ ಸಾಕು ಬೀಳೋಕೆ. ನಾನೇ ಪಾಠ ಮಾಡುವ ವಿಷಯ ಇದು. ನನ್ನ ಉಸ್ತುವಾರಿಯಲ್ಲೇ ಆಯ್ತಲ್ಲ ಅನ್ನೋ ನೋವು ಇವತ್ತಿಗೂ ಇದೆ.

ಕೊನೆಗೆ ಸಿಸ್ಟರ್ "ಎಲ್ಲರಿಗೂ ಅರ್ಥ ಆಯ್ತಾ?" ಅಂದರು. 150 ಗಂಟಲು ಒಟ್ಟಿಗೆ "ಆಯ್ತು ಸಿಸ್ಟರ್" ಅಂದವು.

ಸೋಮವಾರ ನಾನು ಮೂರೂ ತರಗತಿಗೆ ಅರ್ಧ ಹಾಳೆ ಕೊಟ್ಟು, ಹೆಸರು ಬರೆಯೋದು ಬೇಡ ಅಂತ ಹೇಳಿ, ಎರಡೇ ಪ್ರಶ್ನೆ ಕೇಳಿದೆ. ಸಿಸ್ಟರ್ ಹೇಳಿದ್ದರಲ್ಲಿ ಏನು ನೆನಪಿದೆ? ಮನೆಯಲ್ಲಿ ಯಾರಿಗಾದರೂ ಹೇಳಿದೆಯಾ? ಎರಡನೇ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ಲರೂ ಇಲ್ಲ ಅಂತ ಬರೆದಿದ್ದರು. ಮೊದಲನೆಯದಕ್ಕೆ ಬಂದ ಉತ್ತರ ಓದಿ ನನಗೆ ದಿಗಿಲಾಯ್ತು. "ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಬೇಕು." ಒಬ್ಬಿಬ್ಬರಲ್ಲ, ತುಂಬಾ ಮಕ್ಕಳು ಹಾಗೆ ಬರೆದಿದ್ದರು. ಒಂದು ಹಾಳೆಯಲ್ಲಂತೂ "ಕಟ್ಟುಹಾವು ಕಚ್ಚಿದರೆ ಕಟ್ಟಬೇಕು" ಅಂತ ಇತ್ತು.

ಮೊದಲು ಮಕ್ಕಳ ಮೇಲೆ ಬೇಜಾರಾಯ್ತು, ಆಮೇಲೆ ಕೂತು ಯೋಚಿಸಿದೆ. ಅವರ ತಪ್ಪೇನೂ ಇರಲಿಲ್ಲ. ಕಟ್ಟುಹಾವು ಅನ್ನೋದು ಬರೀ ಹಾವಿನ ಹೆಸರು. ಆದರೆ "ಕಟ್ಟು" ಅಂತ ಒಮ್ಮೆ ಕಿವಿಗೆ ಬಿತ್ತು, ಎರಡೇ ನಿಮಿಷಕ್ಕೆ "ಬಿಗಿಯಾಗಿ ಕಟ್ಟ..." ಅಂತ ಇನ್ನೊಮ್ಮೆ ಬಿತ್ತು. ಕನ್ನಡದಲ್ಲಿ ಬೇಡ ಅನ್ನೋದು ಮಾತಿನ ಕೊನೆಗೆ ಬರುತ್ತೆ. ಹಿಂದಿನ ಸಾಲಿನಲ್ಲಿ ಸುಸ್ತಾಗಿ ನಿಂತ ಮಗುವಿಗೆ ಕಟ್ಟು ಕೇಳಿಸುತ್ತೆ, ಬೇಡಿ ಕೇಳಿಸಲ್ಲ. ಅದೂ ಅಲ್ಲದೆ ಮನೆಯಲ್ಲಿ, ಟಿವಿಯಲ್ಲಿ, ಸಿನಿಮಾದಲ್ಲಿ ಹುಟ್ಟಿದಾಗಿನಿಂದ ನೋಡಿರೋದು ಕಟ್ಟೋದನ್ನೇ. ನಾವು ಅದನ್ನು ಇನ್ನೊಮ್ಮೆ ಮೈಕಿನಲ್ಲಿ ಹೇಳಿ ಗಟ್ಟಿ ಮಾಡಿಬಿಟ್ಟಿದ್ದೆವು.

ಹಾಳೆಗಳನ್ನು ಸಿಸ್ಟರಿಗೆ ತೋರಿಸೋದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಬಂದವರು, ಮನಸ್ಸಿಗೆ ನೋವಾಗಬಹುದು. ಕೊನೆಗೆ ತೋರಿಸಿದೆ. ಅವರು ಎಲ್ಲ ಹಾಳೆ ಓದಿ, ತುಂಬಾ ಹೊತ್ತು ಸುಮ್ಮನಿದ್ದು, "ಸರ್, ಇದನ್ನ ಹೀಗೇ ಬಿಟ್ಟು ನಾನು ನಿದ್ದೆ ಮಾಡೋಕಾಗಲ್ಲ. ಮತ್ತೆ ಬರ್ತೀನಿ" ಅಂದರು. ಈ ಪ್ರಕರಣದ ಮೊದಲ ತಿರುವು ಅದೇ. ಭಾಷಣ ಮಾಡಿದವರಿಗೆ ಮಕ್ಕಳು ಏನು ಕೇಳಿಸಿಕೊಂಡರು ಅಂತ ತೋರಿಸುವ ಪದ್ಧತಿಯೇ ನಮ್ಮಲ್ಲಿಲ್ಲ. ಶಾಲು ಹೊದಿಸಿ, ಚಪ್ಪಾಳೆ ತಟ್ಟಿ ಕಳಿಸಿಬಿಡುತ್ತೇವೆ.

ಎರಡನೇ ಭಾಷಣ: ಎಲ್ಲರೂ ನಕ್ಕರು

ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಹಾವು ಹಿಡಿಯುವವರನ್ನು ಕರೆಸಿ, ನಿಜವಾದ ಹಾವು ತೋರಿಸಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ ಅಂತ ಒಬ್ಬರು ಹೇಳಿದರು. ಅದು ನಿಜವೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಾವು ಹಿಡಿದು ಪ್ರದರ್ಶನ ಮಾಡುವ ಹಾಗಿಲ್ಲ. ಅದಕ್ಕಿಂತ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಇನ್ನೊಂದು ವಿಷಯಕ್ಕೆ. ಬರಿಗೈಯಲ್ಲಿ ಹಾವಿನ ಬಾಲ ಹಿಡಿದು ನಿಂತವರನ್ನು ನೋಡಿ 14 ವರ್ಷದ ಹುಡುಗ ಕಲಿಯೋದು ಪ್ರಥಮ ಚಿಕಿತ್ಸೆ ಅಲ್ಲ, ಬಾಲ ಹಿಡಿಯೋದನ್ನ. ಬೇಡ ಅಂದೆ. ಹೆಡ್‌ಮಾಸ್ಟರೂ ಒಪ್ಪಿದರು.

ಸಿಸ್ಟರ್ ಮಾತಿನಲ್ಲಿ ತಮಾಷೆ ಸೇರಿಸಿಕೊಂಡು ಬಂದರು. ಅವರಿಗೆ ಅದು ಚೆನ್ನಾಗಿ ಬರುತ್ತೆ, ವಾರ್ಡಿನಲ್ಲಿ ರೋಗಿಗಳನ್ನು ನಗಿಸುವವರು. ಹಗ್ಗ ತುಳಿದು ಹಾವು ಅಂತ ಕೂಗಿ ಊರೆಲ್ಲ ಓಡಿದ ಒಬ್ಬ ಗಂಡಸಿನ ಕಥೆಯನ್ನು ನಟನೆ ಮಾಡಿ ತೋರಿಸಿದರು. ಪ್ರಶ್ನೆ ಕೇಳಿ, ಸರಿ ಉತ್ತರಕ್ಕೆ ಚಾಕಲೇಟ್ ಕೊಟ್ಟರು. 12 ನಿಮಿಷಕ್ಕೆ ಮುಗಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾವು ಶಿಕ್ಷಕರೂ ನಕ್ಕೆವು, ಭಾಷಣ ಅಂದರೆ ಹೀಗಿರಬೇಕು ಅಂದುಕೊಂಡೆವು.

ಸೋಮವಾರ ಮತ್ತೆ ಅರ್ಧ ಹಾಳೆ. ಹಗ್ಗದ ಕಥೆ ಎಲ್ಲರಿಗೂ ನೆನಪಿತ್ತು. ಮನೆಯಲ್ಲೂ ಹೇಳಿದ್ದರು, ಮನೆಯವರೂ ನಕ್ಕಿದ್ದರಂತೆ. ಹಾವು ಕಚ್ಚಿದರೆ ಮೊದಲು ಏನು ಮಾಡಬೇಕು ಅನ್ನೋದು ಮಾತ್ರ ಬೆರಳೆಣಿಕೆಯ ಹಾಳೆಗಳಲ್ಲಿತ್ತು. ಅವರಲ್ಲೂ ಚಾಕಲೇಟ್ ಸಿಕ್ಕವರೇ ಜಾಸ್ತಿ ಅಂತ ನನ್ನ ಅನುಮಾನ.

ಮಕ್ಕಳು ಗಮನ ಕೊಟ್ಟು ಕೇಳೋದು ಬೇರೆ, ಕೇಳಿದ್ದನ್ನು ಮನೆಗೆ ಹೊತ್ತುಕೊಂಡು ಹೋಗೋದು ಬೇರೆ. ಮೊದಲ ಸಲ ಗಮನವೇ ಇರಲಿಲ್ಲ. ಎರಡನೇ ಸಲ ಗಮನ ಪೂರ್ತಿ ಇತ್ತು, ಆದರೆ ಅದೆಲ್ಲ ಹಗ್ಗದ ಮೇಲಿತ್ತು. ನಗು ತಪ್ಪು ಅಂತ ನಾನು ಹೇಳ್ತಿಲ್ಲ. ಯಾವ ಮಾತು ಉಳಿಯಬೇಕೋ ಆ ಮಾತಿನ ಹತ್ತಿರ ನಗು ಇರಬೇಕಿತ್ತು, ನಮ್ಮ ನಗು ಬೇರೆ ಎಲ್ಲೋ ಇತ್ತು.

ಡಬ್ಬಿ ಇಟ್ಟೆವು

ಮೂರನೇ ಸಲಕ್ಕೆ ಮುಂಚೆ ನಾವು ಮೂರು ವಾರ ತಗೊಂಡೆವು. ಮೊದಲು ಮಾಡಿದ್ದು, ಖಾಲಿಯಾದ ಹಾಲಿನ ಪುಡಿಯ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಜಗಲಿಯಲ್ಲಿ ಇಟ್ಟದ್ದು. ಹಾವಿನ ಬಗ್ಗೆ ನಿಮಗೆ ನಿಜವಾಗಿ ಗೊತ್ತಾಗಬೇಕಿರೋದು ಏನು, ಬರೆದು ಹಾಕಿ ಅಂದೆವು.

ಡಬ್ಬಿಯಲ್ಲಿ ಏನೇನು ಬಂತು! ಹಾವು ಹನ್ನೆರಡು ವರ್ಷ ಸೇಡು ಇಟ್ಟುಕೊಳ್ಳುತ್ತಾ? ಹಾವು ಹಾಲು ಕುಡಿಯುತ್ತಾ? ಮೆಕ್ಕೆಜೋಳ ಮುರಿಯುವಾಗ ಕಾಲಿಗೆ ಏನು ಹಾಕ್ಕೋಬೇಕು? ನಮ್ಮ ಅತ್ತೆಗೆ ಕಚ್ಚಿದ್ದು ಹಾವು ಅಂತ ಯಾಕೆ ಯಾರಿಗೂ ಗೊತ್ತಾಗಲಿಲ್ಲ? ಈ ಕೊನೆಯದು ಯಾರ ಕೈಬರಹ ಅಂತ ನನಗೆ ಗೊತ್ತಿತ್ತು. ಇನ್ನೊಂದು ಚೀಟಿಯಲ್ಲಿ ಇಷ್ಟೇ ಇತ್ತು: "ನಮ್ಮಜ್ಜಿ ನೆಲದ ಮೇಲೆ ಮಲಗ್ತಾರೆ. ಅವರಿಗೆ ಮಂಡಿನೋವು, ಮಂಚ ಹತ್ತೋಕಾಗಲ್ಲ. ಏನು ಮಾಡೋದು?"

ಸಿಸ್ಟರ್ ಆ ಚೀಟಿಯನ್ನು ಕೈಯಲ್ಲಿ ಹಿಡಿದು, "ಸರ್, ಭಾಷಣ ಇದೇ" ಅಂದರು. ಉಳಿದ ಎಲ್ಲವನ್ನೂ ಬಿಟ್ಟುಬಿಡೋಣ ಅಂದರು. ನನಗೆ ಬಿಡೋಕೆ ಮನಸ್ಸಿರಲಿಲ್ಲ. ಅವರು ಹೇಳಬೇಕು ಅಂದುಕೊಂಡಿದ್ದ 20 ನಿಮಿಷದ ರಕ್ತ ಪರೀಕ್ಷೆ ನನಗೆ ತುಂಬಾ ಇಷ್ಟವಾಗಿತ್ತು. ಕಚ್ಚಿಸಿಕೊಂಡವರ ಸ್ವಲ್ಪ ರಕ್ತವನ್ನು ಗಾಜಿನ ಪ್ರನಾಳಕ್ಕೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡೋದು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಮೈಗೆ ಏರಿದೆ ಅಂತ ವೈದ್ಯರಿಗೆ ತಿಳಿಯುತ್ತೆ. ಎಷ್ಟು ಸರಳ, ಎಷ್ಟು ಚೆಂದದ ವಿಜ್ಞಾನ! ಆದರೆ ಅದು ವೈದ್ಯರು ಮಾಡುವ ಕೆಲಸ, ಮಗು ಮಾಡುವ ಕೆಲಸ ಅಲ್ಲ. ಅದನ್ನು ನನ್ನ ವಿಜ್ಞಾನದ ಪಿರಿಯಡ್‌ಗೆ ಎತ್ತಿಟ್ಟುಕೊಂಡೆ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಪ್ರತಿವಿಷ, ಅಂದರೆ ಹಾವು ಕಡಿತಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ, ತಯಾರಿಸುವ ವಿಷಯವನ್ನೂ ಅಲ್ಲಿಗೇ ಸಾಗಿಸಿದೆ. ಪ್ರಾರ್ಥನೆಯಲ್ಲಿ ಉಳಿದದ್ದು ಮಗು ತನ್ನ ಕೈಯಾರೆ ಮಾಡಬಹುದಾದದ್ದು ಮಾತ್ರ.

ಒಂದು ಶಬ್ದಕ್ಕಾಗಿ ಎರಡು ಸಂಜೆ

"ಬೇಡ" ಅನ್ನೋ ಮಾತೇ ಇರಬಾರದು, ಮಾಡಬೇಕಾದದ್ದನ್ನು ಮಾತ್ರ ಹೇಳಬೇಕು ಅಂತ ತೀರ್ಮಾನ ಮಾಡಿದೆವು. ಮೂರು ಕ್ರಿಯಾಪದ ಸಾಕು ಅನ್ನಿಸಿತು. ನಾನು "ಮಲಗಿಸು, ಬಿಚ್ಚು, ಸಾಗಿಸು" ಅಂತ ಬರೆದೆ. ಮಲಗಿಸು ಅಂದರೆ ಕಚ್ಚಿಸಿಕೊಂಡವರನ್ನು ಓಡಾಡಿಸದೆ, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಡೋದು. ಬಿಚ್ಚು ಅಂದರೆ ಉಂಗುರ, ಬಳೆ, ಕಾಲ್ಗೆಜ್ಜೆ, ಉಡಿದಾರ ತೆಗೆಯೋದು, ಊತ ಬಂದರೆ ಅವೇ ಬಿಗಿಯುತ್ತವೆ. ಸಾಗಿಸು ಅಂದರೆ 108, ಇಲ್ಲದಿದ್ದರೆ ಸಿಕ್ಕ ಗಾಡಿ. ಬೈಕ್ ಆದರೆ ಮಧ್ಯದಲ್ಲಿ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು. ಕಟ್ಟು ಅನ್ನೋದಕ್ಕೆ ಬಿಚ್ಚು ಸರಿಯಾದ ಎದುರು ಮಾತು ಅಂತ ನನಗೆ ತುಂಬಾ ಖುಷಿಯಾಗಿತ್ತು.

ಸಿಸ್ಟರ್ ಒಪ್ಪಲಿಲ್ಲ. "ಸರ್, ಯಾರೋ ಆಗಲೇ ಟವಲ್ ಬಿಗಿದು ಕಟ್ಟಿಬಿಟ್ಟಿರ್ತಾರೆ. ಮಗು ಹೋಗಿ ಬಿಚ್ಚು ಅಂತ ಅದನ್ನೇ ಎಳೆದು ಬಿಚ್ಚಿದ್ರೆ? ತಡೆದು ನಿಂತಿದ್ದ ವಿಷ ಒಂದೇ ಸಲಕ್ಕೆ ಹರಿಯುತ್ತೆ. ಬಿಗಿದ ಕಟ್ಟನ್ನ ಆಸ್ಪತ್ರೆಯಲ್ಲಿ ಡಾಕ್ಟರ್ ನೋಡಿಕೊಂಡು ತೆಗೀಬೇಕು." ನನಗೆ ಹೊಳೆದೇ ಇರಲಿಲ್ಲ. ಎರಡು ಸಂಜೆ ಕೂತು ಶಬ್ದ ಹುಡುಕಿದೆವು. ಕೊನೆಗೆ ಅವರೇ "ಕಳಚು" ಅಂದರು. ಬಳೆ ಕಳಚುತ್ತೇವೆ, ಉಂಗುರ ಕಳಚುತ್ತೇವೆ. ಬಿಗಿದ ಟವಲನ್ನು ಯಾರೂ ಕಳಚು ಅನ್ನಲ್ಲ. ಮಲಗಿಸು, ಕಳಚು, ಸಾಗಿಸು.

ಮಂತ್ರ ಹಾಕಿಸೋದು, ನಾಟಿ ಔಷಧಿ ಇವುಗಳ ವಿಷಯಕ್ಕೆ ಬಂದಾಗಲೂ ಹೀಗೇ ಚರ್ಚೆ ಆಯ್ತು. ಅದೆಲ್ಲ ಮೂಢನಂಬಿಕೆ ಅಂತ ಮೈಕಿನಲ್ಲಿ ಹೇಳೋದು ಸುಲಭ. ಆದರೆ ಆ ವಾರ ಕಳೆದರೆ ನಾಗರಪಂಚಮಿ. ಮಕ್ಕಳು ಅವ್ವನ ಜೊತೆ ಹುತ್ತಕ್ಕೆ ಹೋಗುವವರು. ಅವರ ಮನೆಯನ್ನು ಬೈದು ನಮ್ಮ ಮಾತನ್ನು ಆ ಮನೆಯೊಳಗೆ ಕಳಿಸೋಕಾಗುತ್ತಾ? ಮಂತ್ರ ಹಾಕಿಸಿಕೊಂಡು ಉಳಿದವರೂ ಊರಲ್ಲಿ ಇದ್ದಾರೆ, ಯಾಕಂದರೆ ಕಚ್ಚುವ ಹಾವುಗಳಲ್ಲಿ ವಿಷ ಇಲ್ಲದವೇ ಬಹಳ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತೆ. ಅದನ್ನೆಲ್ಲ ಆರು ನಿಮಿಷದಲ್ಲಿ ವಾದ ಮಾಡಿ ಗೆಲ್ಲೋಕಾಗಲ್ಲ. ಸಿಸ್ಟರ್ ಒಂದೇ ಮಾತು ಇಟ್ಟುಕೊಂಡರು: "ದೇವರಿಗೆ ಹರಕೆ ಹೊತ್ತುಕೊಳ್ಳಿ. ಹೊತ್ತುಕೊಳ್ತಾನೇ ಗಾಡಿ ಹತ್ತಿ."

ಮೂರನೇ ಭಾಷಣ

ಜಾಗ ಬದಲಿಸಿದೆವು. ಪ್ರಾರ್ಥನೆ ಪೂರ್ತಿ ಮುಗಿಸಿ, ಹಾಲು ಕುಡಿಸಿ, ಆಮೇಲೆ ಹೊಂಗೆ ಮರದ ಕೆಳಗೆ ಕೂರಿಸಿದೆವು. ಉದ್ದ ಸಾಲು ಬೇಡ ಅಂತ ಅರ್ಧಚಂದ್ರದ ಹಾಗೆ ಕೂರಿಸಿದ್ದರಿಂದ ಕೊನೆಯ ಮಗುವೂ ಸಿಸ್ಟರಿಂದ ಏಳೆಂಟು ಹೆಜ್ಜೆಯಲ್ಲಿತ್ತು. ಮೈಕ್ ಬೇಕಾಗಲಿಲ್ಲ. ಇನ್ನೊಂದು ಸಣ್ಣ ಬದಲಾವಣೆ ದೊಡ್ಡ ಕೆಲಸ ಮಾಡಿತು. ಹಿಂದೆ ನಿಂತು ಮಕ್ಕಳನ್ನು ಗದರಿಸುತ್ತಿದ್ದ ನಾವು ಶಿಕ್ಷಕರು ಮಕ್ಕಳ ಮಧ್ಯೆ ಹೋಗಿ ಕೂತೆವು.

ನಮಸ್ಕಾರ, ಸ್ವಾಗತ, ಪರಿಚಯ ಏನೂ ಇಲ್ಲ. ಸಿಸ್ಟರ್ ಬಂದವರೇ ಕೇಳಿದರು, "ನಿನ್ನೆ ರಾತ್ರಿ ನಿಮ್ಮಲ್ಲಿ ಯಾರ್ಯಾರು ನೆಲದ ಮೇಲೆ ಮಲಗಿದ್ರಿ? ಕೈ ಎತ್ತಿ." ಅರ್ಧಕ್ಕಿಂತ ಜಾಸ್ತಿ ಕೈ ಎದ್ದವು. ಅವರು ತಮ್ಮ ಕೈಯನ್ನೂ ಎತ್ತಿದರು. ಐದಾರು ಸೆಕೆಂಡ್ ಏನೂ ಮಾತಾಡಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅಷ್ಟು ನಿಶ್ಶಬ್ದವನ್ನು ನಮ್ಮ ಶಾಲೆಯಲ್ಲಿ ಕೇಳಿರಲಿಲ್ಲ.

ಆಮೇಲೆ ಕಟ್ಟುಹಾವಿನ ವಿಷಯ ಮಾತ್ರ. ರಾತ್ರಿ ಓಡಾಡುತ್ತೆ, ಮನೆಯೊಳಗೆ ಬರುತ್ತೆ, ಹಲ್ಲು ಸಣ್ಣದು, ಕಚ್ಚಿದ್ದು ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದೆ ಇರಬಹುದು, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಭಾರ, ನುಂಗೋಕೆ ಕಷ್ಟ. "ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೀಗಾದ್ರೆ, ಹಾವು ಕಾಣದಿದ್ರೂ ಆಸ್ಪತ್ರೆಗೆ ಹೊರಡಿ." ಅತ್ತೆಯನ್ನು ಕಳೆದುಕೊಂಡ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಸಿಸ್ಟರ್ ಹಿಂದಿನ ದಿನವೇ ಅವಳ ಮನೆಗೆ ಹೋಗಿ ಅವಳನ್ನೂ ಅವರಮ್ಮನನ್ನೂ ಕೇಳಿ ಒಪ್ಪಿಗೆ ಪಡೆದಿದ್ದರು. ಹೆಸರು, ಊರು ಹೇಳಲಿಲ್ಲ. ಕೇಳದೆ ಮಾಡಿದ್ದರೆ ಅದು ಆ ಮಗುವಿಗೆ ಮಾಡಿದ ಅನ್ಯಾಯ ಆಗುತ್ತಿತ್ತು.

ಅಜ್ಜಿಯ ಚೀಟಿಗೂ ಉತ್ತರ ಬಂತು. ಮಂಚ ಇಲ್ಲದಿದ್ದರೆ, ಹತ್ತೋಕಾಗದಿದ್ದರೆ ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸೋದು. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಹಿಡಿಯೋದು. ಮುಸುಕಿನ ಜೋಳದ ಮೂಟೆ, ಸೌದೆ ಇವನ್ನು ಮಲಗುವ ಜಾಗದಿಂದ ದೂರ ಇಡೋದು, ಇಲಿ ಇದ್ದಲ್ಲಿ ಹಾವು ಬರುತ್ತೆ.

ಕೊನೆಗೆ ಒಬ್ಬ ಹುಡುಗ ಕಚ್ಚಿಸಿಕೊಂಡವನ ಹಾಗೆ ಮಲಗಿದ. ಇನ್ನಿಬ್ಬರು ಅವನ ಕಾಲಿಗೆ ಮರದ ಸ್ಕೇಲ್ ಇಟ್ಟು, ಮುರಿದ ಕಾಲಿಗೆ ಮಾಡುವ ಹಾಗೆ ಬಟ್ಟೆಯಿಂದ ಸಡಿಲವಾಗಿ ಸುತ್ತಿ, ಕೈಯಲ್ಲಿದ್ದ ದಾರ ಕಳಚಿ, ಎತ್ತಿಕೊಂಡು ಹೋದರು. ಆಗ ನಕ್ಕರು ನೋಡಿ, ಎತ್ತಿಕೊಂಡ ಹುಡುಗರು ತೂರಾಡಿದಾಗ. ಈ ಸಲ ನಗು ಸರಿಯಾದ ಜಾಗದಲ್ಲಿತ್ತು. ಎಲ್ಲರೂ ಕೈಸನ್ನೆ ಮಾಡಿ ಮೂರು ಸಲ ಹೇಳಿದರು: ಮಲಗಿಸು, ಕಳಚು, ಸಾಗಿಸು.

ಅಷ್ಟರಲ್ಲಿ 8ನೇ ತರಗತಿಯ ಒಬ್ಬಳು ಎದ್ದು ನಿಂತಳು. "ಸಿಸ್ಟರ್, ಅಜ್ಜನಿಗೆ ಮಲಗಿಸು ಅಂತ ಹೇಗೆ ಹೇಳೋದು?" ಹೌದಲ್ವಾ! ನಮ್ಮ ಕಡೆ ಯಾವ ಮಗು ಅಜ್ಜನಿಗೆ ಹಾಗೆ ಹೇಳುತ್ತೆ? ಅಲ್ಲೇ ಬದಲಿಸಿದೆವು. ಮಲಗಿಸಿ, ಕಳಚಿ, ಸಾಗಿಸಿ. ಎರಡು ಸಂಜೆ ಕೂತ ನಮಗಿಬ್ಬರಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು, ಯಾಕಂದರೆ ಮನೆಗೆ ಹೋಗಿ ಹೇಳಬೇಕಾದವಳು ಅವಳು. ಎಲ್ಲ ಸೇರಿ ಆರು ನಿಮಿಷಕ್ಕೆ ಸ್ವಲ್ಪ ಮೇಲಾಯ್ತು.

ಸೋಮವಾರದ ಹಾಳೆಗಳಲ್ಲಿ ಮೂರು ಮಾತೂ ಹೆಚ್ಚಿನ ಮಕ್ಕಳಿಗೆ ನೆನಪಿದ್ದವು. ಕಟ್ಟಬೇಕು ಅಂತ ಬರೆದ ಒಂದೆರಡು ಹಾಳೆ ಮಾತ್ರ ಸಿಕ್ಕವು. ಮನೆಯಲ್ಲಿ ಹೇಳಿದೆ ಅಂತ ಬರೆದವರೂ ತುಂಬಾ ಇದ್ದರು. ಅಜ್ಜಿಯ ಚೀಟಿ ಹಾಕಿದ್ದವಳು ಪರದೆ ಕಟ್ಟಿದ್ದನ್ನು ಚಿತ್ರ ಬರೆದು ತೋರಿಸಿದ್ದಳು.

ನಾವು ಗೆದ್ದೆವು ಅಂದುಕೊಂಡೆವು.

ಅಕ್ಟೋಬರ್

ಮೆಕ್ಕೆಜೋಳ ಮುರಿಯುವ ಕಾಲ. 9ನೇ ತರಗತಿಯ ಒಬ್ಬ ಹುಡುಗನ ಚಿಕ್ಕಪ್ಪನಿಗೆ ಹೊಲದಲ್ಲಿ ಕೊಳಕುಮಂಡಲ ಕಚ್ಚಿತು. ಹುಡುಗ ಅಲ್ಲೇ ಇದ್ದ. ಮೂರು ಮಾತೂ ಹೇಳಿದ. ಉಂಗುರ ಕಳಚಿದರು, ಬೈಕಿನಲ್ಲಿ ಮಧ್ಯ ಕೂರಿಸಿದರು. ಆದರೆ ಮನೆಯ ಹಿರಿಯರು ಟವಲ್ ಬಿಗಿದು ಕಟ್ಟಿದರು. ಬೈಕು ಆಸ್ಪತ್ರೆ ದಾರಿ ಹಿಡಿಯದೆ, ನಾಟಿ ಔಷಧಿ ಕೊಡುವವರ ಊರಿನ ದಾರಿ ಹಿಡಿಯಿತು. ಒಂದು ಗಂಟೆಗೂ ಜಾಸ್ತಿ ಹೊತ್ತು ಅಲ್ಲೇ ಹೋಯ್ತು. ತಾಲ್ಲೂಕು ಆಸ್ಪತ್ರೆ ಮುಟ್ಟಿದಾಗ ಆ 20 ನಿಮಿಷದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ. ಪ್ರತಿವಿಷ ಕೊಟ್ಟು ಜಿಲ್ಲಾಸ್ಪತ್ರೆಗೆ ಕಳಿಸಿದರು. ಹತ್ತು ದಿನದ ಮೇಲೆ ಮನೆಗೆ ಬಂದರು. ಕೈ ಎಷ್ಟು ಊದಿತ್ತು ಅಂದರೆ, ಉಂಗುರ ಇದ್ದಿದ್ದರೆ ಬೆರಳು ಕಷ್ಟ ಇತ್ತು ಅಂತ ಅಲ್ಲಿನವರು ಹೇಳಿದರಂತೆ.

ಹುಡುಗ ಶಾಲೆಗೆ ಬಂದವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತ. "ನಾನು ಹೇಳ್ದೆ ಸರ್. ಎಲ್ಲಾನೂ ಹೇಳ್ದೆ. ನೀನು ಸುಮ್ನಿರು ಅಂದ್ರು."

ನಮ್ಮ ಮೂರನೇ ಭಾಷಣದಲ್ಲಿ ಬಿಟ್ಟುಹೋಗಿದ್ದು ಇದು. ಮಗುವಿನ ಬಾಯಿಗೆ ಮಾತು ಕೊಟ್ಟಿದ್ದೆವು, ಆ ಮಾತಿಗೆ ಮನೆಯಲ್ಲಿ ತೂಕ ಇರುತ್ತಾ ಅಂತ ಯೋಚಿಸಿರಲಿಲ್ಲ. 14 ವರ್ಷದ ಹುಡುಗ ಗಾಬರಿಯಾದ ದೊಡ್ಡವರ ಮಧ್ಯೆ ನಿಂತು ಎಷ್ಟು ಕೂಗಿದರೂ ಅವನು ಹುಡುಗನೇ. ಇದಕ್ಕೆ ಅವನು ಹೊಣೆ ಅಲ್ಲ ಅಂತ ಅವನಿಗೆ ಎಷ್ಟು ಸಲ ಹೇಳಿದರೂ ಕಡಿಮೆ. ಸಿಸ್ಟರ್ ಅವನ ಮನೆಗೇ ಹೋಗಿ, ಚಿಕ್ಕಪ್ಪನ ಹಾಸಿಗೆ ಪಕ್ಕ ಕೂತು, ಎಲ್ಲರ ಮುಂದೆ "ಬೆರಳು ಉಳಿಸಿದ್ದು ಇವನೇ" ಅಂದರು.

ಆಮೇಲೆ ಮಾಡಿದ್ದು ಎರಡು ಕೆಲಸ. ಒಂದು, ಅಂಗೈ ಅಗಲದ ಕಾಗದ. ಮೇಲೆ ಮೂರು ಮಾತು, ಕೆಳಗೆ 108, ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಯ ಹೆಸರು ಮತ್ತು ಫೋನ್, ಅದರ ಕೆಳಗೆ ಆರೋಗ್ಯ ಕೇಂದ್ರದ ಸೀಲು. ಔಷಧಿ ನಿಜವಾಗಿ ಇದೆಯಾ ಅಂತ ಸಿಸ್ಟರ್ ಫೋನ್ ಮಾಡಿ ಕೇಳಿಕೊಂಡೇ ಬರೆದರು. ಮಗುವಿನ ಮಾತಿಗೆ ಸಿಗದ ಬೆಲೆ ಸೀಲಿಗೆ ಸಿಗುತ್ತೆ, ನಮ್ಮ ಹಳ್ಳಿ ಮನೆಗಳಲ್ಲಿ ಅದು ಹಾಗೇ. ಎರಡನೆಯದು, ಪೋಷಕರ ಸಭೆಯಲ್ಲಿ ಮಕ್ಕಳೇ ಅದೇ ಆರು ನಿಮಿಷವನ್ನು ಅಪ್ಪ ಅಮ್ಮಂದಿರ ಮುಂದೆ ಮಾಡಿದರು. ಒಬ್ಬ ಅಜ್ಜ ಎದ್ದು, "ಮೇಷ್ಟ್ರೆ, ಇದನ್ನ ಮೊದಲೇ ನಮ್ಮನ್ನ ಕರೆದು ಹೇಳಬೇಕಿತ್ತು" ಅಂದರು. ಅವರ ಮಾತು ಸರಿ ಇತ್ತು.

ಈಗ ನಮ್ಮ ಶಾಲೆಯಲ್ಲಿ ಯಾರೇ ಮಾತಾಡಲು ಬರಲಿ, ನಾನು ಮೊದಲೇ ಕೇಳೋದು ಇಷ್ಟು: ನಿಮ್ಮ ಮಾತು ಕೇಳಿದ ಮಗು ಸಂಜೆ ಮನೆಗೆ ಹೋಗಿ ಯಾರಿಗೆ ಏನು ಹೇಳಬೇಕು? ಕೆಲವರು ತಕ್ಷಣ ಹೇಳುತ್ತಾರೆ. ಕೆಲವರು ಒಂದು ವಾರ ಬಿಟ್ಟು ಬರ್ತೀನಿ ಅನ್ನುತ್ತಾರೆ, ಅವರ ಭಾಷಣ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಮಕ್ಕಳನ್ನು ಕೂರಿಸೋದು, ಹಾಲು ಮೊದಲು, ಡಬ್ಬಿ, ಸೋಮವಾರದ ಅರ್ಧ ಹಾಳೆ ಇವೆಲ್ಲ ಪದ್ಧತಿಯಾಗಿವೆ. ಹಾಳೆಗಳನ್ನು ಬಂದವರಿಗೆ ಕಳಿಸುತ್ತೇನೆ. ಒಬ್ಬರಿಗೆ ಬೇಜಾರಾಗಿ ಮತ್ತೆ ಬರಲಿಲ್ಲ. ಆದರೂ ಕಳಿಸೋದನ್ನು ನಿಲ್ಲಿಸಿಲ್ಲ.

2025ರ ಜೂನ್‌ನಲ್ಲಿ ಹೊಸ 8ನೇ ತರಗತಿ ಬಂತು. ಚಿಕ್ಕಪ್ಪನಿಗೆ ಹಾವು ಕಚ್ಚಿದ್ದ ಆ ಹುಡುಗ ಆಗ 10ನೇ ತರಗತಿ. ಈ ಸಲ ನಾನು ಹೇಳ್ತೀನಿ ಅಂತ ತಾನಾಗೇ ಬಂದ. ಸಿಸ್ಟರ್ ಮರದ ಕೆಳಗೆ ಮಕ್ಕಳ ಜೊತೆ ಕೂತರು. ನೆಲದ ಮೇಲೆ ಯಾರು ಮಲಗ್ತೀರಿ ಅಂತ ಶುರು ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ಬೇರೆಯೇ ಕೇಳಿದ.

"ನಿಮ್ಮ ಮನೇಲಿ ಯಾರ ಮಾತು ನಡೆಯುತ್ತೆ?"

ಅಪ್ಪ ಅಂದರು, ಅಜ್ಜಿ ಅಂದರು, ದೊಡ್ಡಪ್ಪ ಅಂದರು. ಮುಂದೆ ಕೂತಿದ್ದ ಒಂದು ಪುಟ್ಟ ಹುಡುಗಿ ಗೊತ್ತಿಲ್ಲ ಅಂದಳು. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಗದ ಕೈಗೆ ಕೊಟ್ಟ. "ಇವತ್ತು ರಾತ್ರಿ ಊಟಕ್ಕೆ ಕೂತಾಗ ನೋಡು. ಯಾರು ಮಾತಾಡಿದ್ರೆ ಎಲ್ಲರೂ ಸುಮ್ನಾಗ್ತಾರೋ, ಇದನ್ನ ಅವರ ಕೈಗೆ ಕೊಡು."